ಮಲೆನಾಡಿನಲ್ಲಿ ಹಾವಿನ ಮರಿಗಳು ಮಳೆಗಾಲದಲ್ಲೇ ಜಾಸ್ತಿ ಕಾಣುವುದು ಯಾಕೆ?

ಮರಿ ಹೊರಬರುವ ಹೊತ್ತಿಗೆ ತಿನ್ನಲು ಸಿಗಬೇಕು, ಅದಕ್ಕೆ. ಮುಂಗಾರು ಹಿಡಿದರೆ ಗದ್ದೆ, ಹಳ್ಳ, ಅಡಿಕೆ ತೋಟದ ಬಸಿಗಾಲುವೆ, ಎಲ್ಲೆಲ್ಲೂ ಕಪ್ಪೆ. ಎಷ್ಟೋ ಜಾತಿಯ ಮರಿಹಾವಿಗೆ ಪುಟ್ಟ ಕಪ್ಪೆಯೇ ಸುಲಭದ ಊಟ.

ಆಗುಂಬೆ ಕಡೆಯ ಕಾಳಿಂಗ ಸರ್ಪವನ್ನೇ ನೋಡಿ. ಬೇಸಿಗೆಯಲ್ಲಿ ಜೋಡಿಯಾಗುತ್ತದೆ. ಮಳೆಗೆ ಸ್ವಲ್ಪ ಮುಂಚೆ ಹೆಣ್ಣು ಮೈಯ ಸುರುಳಿಯಿಂದಲೇ ತರಗೆಲೆ ಎಳೆದು ಗುಡ್ಡೆ ಹಾಕಿ, ಒಳಗೆ ಸಾಮಾನ್ಯವಾಗಿ 20–40 ಮೊಟ್ಟೆ ಇಡುತ್ತದೆ. ಎಲೆಗಳನ್ನು ಎಷ್ಟು ಒತ್ತೊತ್ತಾಗಿ ಜೋಡಿಸಿರುತ್ತದೆ ಅಂದರೆ, ಹೊರಗೆ ಧೋ ಅಂತ ಸುರಿದರೂ ಮೊಟ್ಟೆ ಅಷ್ಟಾಗಿ ತೋಯುವುದಿಲ್ಲ. ಎಂಥ ಕಸುಬು! ಎಲೆ ಕೊಳೆಯುವಾಗಿನ ಬಿಸಿಯೂ ಕಾವಿಗೆ ನೆರವಾಗುತ್ತದೆ. ಎರಡು–ಮೂರು ತಿಂಗಳಿಗೆ ಮರಿ. ಕಾಳಿಂಗ ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ ಅಲ್ವಾ? ಆಗ ಕಪ್ಪೆ ತಿಂದು ಬೆಳೆಯುವ ಚಿಕ್ಕ ಹಾವುಗಳೂ ಸಿಗುತ್ತವೆ.

ತಾಯಿಯ ಹೊಟ್ಟೆ ತುಂಬಿರುವುದೂ ಅಷ್ಟೇ ಮುಖ್ಯ. ಮೊಟ್ಟೆ ಕಟ್ಟಲು ಮೈಯಲ್ಲಿ ಕೂಡಿಟ್ಟ ಕೊಬ್ಬು ಬೇಕು. ಬೇಟೆ ಕಡಿಮೆ ಸಿಕ್ಕ ವರ್ಷ ಹಲವು ಜಾತಿಯ ಹಾವುಗಳು ಕಡಿಮೆ ಮೊಟ್ಟೆ ಇಡುತ್ತವೆ. ಕೆಲವು ಆ ವರ್ಷ ಸುಮ್ನೆ ಬಿಟ್ಟುಬಿಡುತ್ತವೆ.

ಮೇ ತಿಂಗಳಲ್ಲಿ ದರಗು ಗುಡಿಸಲು ಹೋದಾಗ ಅಂಥ ಗುಡ್ಡೆ ಕಂಡರೆ ದಯವಿಟ್ಟು ಕೆದಕಬೇಡಿ. ಮೇಲೆ ತಾಯಿ ಕಾವಲು ಕೂತಿರಬಹುದು.