ಸ್ಟುಟ್‌ಗಾರ್ಟ್‌ನ ಬೇಸಿಗೆಗೆ ತಣ್ಣನೆಯ ಟೊಮೆಟೊ ಸಲಾಡ್

ನಿಮ್ಮ ಪತ್ರ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದು ನಿಮ್ಮ ಮೊದಲ ಬೇಸಿಗೆ. ಸಂಜೆ ಒಲೆ ಹಚ್ಚಿದರೆ ರಾತ್ರಿಯಿಡೀ ಮನೆ ಕಾದೇ ಇರುತ್ತದೆ ಎಂದು ಬರೆದಿದ್ದೀರಿ. ಕಚೇರಿಯ ಕ್ಯಾಂಟೀನಿನಲ್ಲಿ ತಿಂದ ತಣ್ಣನೆಯ ಟೊಮೆಟೊ ಸಲಾಡ್ ಮನಸ್ಸಿಗೆ ಹಿಡಿಸಿತು, ಆದರೆ ಬೆಳಿಗ್ಗೆಯೇ ಕಲಸಿ ಫ್ರಿಜ್‌ನಲ್ಲಿಟ್ಟು ಹೋದರೆ ಸಂಜೆಗೆ ಅದು ನೀರು ನೀರಾಗಿ, ಸಪ್ಪೆಯಾಗಿರುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ನೆರೆಮನೆಯವರು ಗ್ರಿಲ್ ಊಟಕ್ಕೆ ಕರೆದಿದ್ದಾರೆ, ಸಸ್ಯಾಹಾರಿಗಳಾದ ನಾವು ಏನನ್ನು ಕೊಂಡೊಯ್ಯುವುದು ಎಂಬ ಚಿಂತೆಯನ್ನೂ ಸೇರಿಸಿದ್ದೀರಿ. ಈ ಎಲ್ಲಕ್ಕೂ ಆ ಒಂದು ಬಟ್ಟಲೇ ಬಹುಮಟ್ಟಿಗೆ ಉತ್ತರವಾಗುವುದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಮೊದಲು ಸೆಕೆಯ ಮಾತು. ಈ ಊರು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಗಾಳಿ ಅಲ್ಲೇ ನಿಂತುಬಿಡುತ್ತದೆ. ಮನೆಗಳನ್ನು ಚಳಿಯನ್ನು ತಡೆಯುವುದಕ್ಕೆಂದು ಕಟ್ಟಿದ್ದಾರೆಯೇ ಹೊರತು ಬಿಸಿಲನ್ನು ನೆನೆದಲ್ಲ, ಎ.ಸಿ. ಇರುವ ಮನೆಯಂತೂ ಅಪರೂಪ. 2019ರ ಜುಲೈ 25ರಂದು ದೇಶದ ಪಶ್ಚಿಮ ಭಾಗದ ಡೂಯಿಸ್‌ಬುರ್ಗ್‌ ನಗರದಲ್ಲಿ 41.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ರಾಯಚೂರು, ಕಲಬುರಗಿಯವರಿಗೆ ಇದು ಹೇಳಿಕೊಳ್ಳುವಂಥ ಸೆಕೆಯಲ್ಲ, ಆದರೆ ಅಲ್ಲಿ ಚಾವಣಿಯಲ್ಲಿ ಫ್ಯಾನ್ ಇರುತ್ತದೆ. ಇಲ್ಲಿಯವರಿಗೆ ಒಂದು ಅನುಕೂಲವೆಂದರೆ, ಮಧ್ಯಾಹ್ನ ಬಿಸಿಯೂಟ ಮಾಡಿ ಸಂಜೆ ಬ್ರೆಡ್, ಚೀಸ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇತ್ಯಾದಿಗಳನ್ನು ತಣ್ಣಗೆ ತಿನ್ನುವ ಪದ್ಧತಿ ಹಿಂದಿನಿಂದಲೂ ಇದೆ. ಆಬೆಂಡ್‌ಬ್ರೋಟ್ ಎಂದು ಕರೆಯುವ ಈ ಸಂಜೆಯೂಟದಲ್ಲಿ ಬೇಸಿಗೆ ಬಂತೆಂದರೆ ಟೊಮೆಟೊ ಸಲಾಡಿಗೆ ಜಾಗ ಖಾಯಂ.

ಇನ್ನು ನಿಮ್ಮ ಸಲಾಡ್ ಸಪ್ಪೆಯಾಗುವುದರ ಕಾರಣ. ಅದು ತಣ್ಣಗಿರಬೇಕು, ಆದರೆ ಟೊಮೆಟೊಗೆ ಚಳಿ ಆಗದು. ಈ ಎರಡನ್ನೂ ಹೊಂದಿಸುವುದರಲ್ಲೇ ಇದರ ಕೈಗುಣವೆಲ್ಲ ಇದೆ. ಸುಮಾರು 12 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ದಿನಗಟ್ಟಲೆ ಇಟ್ಟ ಟೊಮೆಟೊದಲ್ಲಿ ಪರಿಮಳವನ್ನು ಹುಟ್ಟಿಸುವ ಜೀನ್‌ಗಳ ಕೆಲಸ ಕುಂಠಿತವಾಗುತ್ತದೆ, ಮತ್ತೆ ಹೊರಗೆ ತೆಗೆದಿಟ್ಟರೂ ಹೋದ ಪರಿಮಳ ಪೂರ್ತಿಯಾಗಿ ಮರಳುವುದಿಲ್ಲ. ಫ್ರಿಜ್‌ನ ಒಳಗಿನ ಉಷ್ಣತೆ ಇದಕ್ಕಿಂತ ಬಹಳ ಕಡಿಮೆ. ಅದರ ಮೇಲೆ, ಹೋಳುಗಳಿಗೆ ಉಪ್ಪು ಬಿದ್ದ ಕ್ಷಣದಿಂದಲೇ ಅವು ನೀರು ಬಿಡತೊಡಗುವುದರಿಂದ ಬೆಳಿಗ್ಗೆ ಕಲಸಿದ ಸಲಾಡ್ ಸಂಜೆಗೆ ರಸವೊಂದು ಕಡೆ, ಮೆತ್ತಗಾದ ಸಿಪ್ಪೆಯೊಂದು ಕಡೆ ಎಂಬಂತಾಗುತ್ತದೆ. ಆದ್ದರಿಂದ ಹಣ್ಣುಗಳನ್ನು ಅಡುಗೆಮನೆಯ ನೆರಳಿನ ಮೂಲೆಯಲ್ಲಿ, ಹೊರಗೇ ಇಡಿ. ಬೆಳಿಗ್ಗೆ ತಣ್ಣಗಾಗಲು ಇಡಬೇಕಾದದ್ದು ಖಾಲಿ ಬಟ್ಟಲು ಮತ್ತು ವಿನೆಗರ್. ಸಂಜೆ ಹೆಚ್ಚಿ, ಕಲಸಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಮಟ್ಟಿಗೆ ಮಾತ್ರ ಫ್ರಿಜ್‌ನಲ್ಲಿಟ್ಟರೆ ತಂಪೂ ಬರುತ್ತದೆ, ಹಣ್ಣಿನ ರುಚಿಯೂ ಉಳಿಯುತ್ತದೆ.

ಹಣ್ಣಿನ ಆಯ್ಕೆಯಲ್ಲಿ ಮಾತ್ರ ಜಿಪುಣತನ ಬೇಡ. ಜರ್ಮನಿಯ ಅಂಗಡಿಗಳಿಗೆ ಬರುವ ಟೊಮೆಟೊದ ಬಹುಪಾಲು ನೆದರ್‌ಲ್ಯಾಂಡ್ಸ್ ಮತ್ತು ಸ್ಪೇನ್ ದೇಶಗಳದ್ದು. ಚಳಿಗಾಲದಲ್ಲಿ ಕಾಣುವ, ನೋಡಲು ಕೆಂಪಗೆ ಮಿರುಗುವ ಹಣ್ಣುಗಳಿಂದ ಈ ಸಲಾಡ್ ಮಾಡುವುದಕ್ಕಿಂತ ಮಾಡದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಭಾಗಕ್ಕೆ ಬೋಡೆನ್ ಸರೋವರದ ರೈಖೆನೌ ದ್ವೀಪದಲ್ಲಿ ಬೆಳೆದ ತರಕಾರಿ ಬರುತ್ತದೆ, ಚೀಟಿಯ ಮೇಲೆ ದ್ವೀಪದ ಹೆಸರೇ ಇರುತ್ತದೆ. ಮಂಗಳವಾರ, ಗುರುವಾರ, ಶನಿವಾರಗಳಂದು ನಗರದ ಮಾರ್ಕ್ಟ್‌ಪ್ಲಾಟ್ಸ್ ಮತ್ತು ಶಿಲ್ಲರ್‌ಪ್ಲಾಟ್ಸ್ ಚೌಕಗಳಲ್ಲಿ ನಡೆಯುವ ಸಂತೆಗೆ ಹೋದರೆ ಸುತ್ತಲಿನ ರೈತರ ಹಣ್ಣೂ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಂತೆ ಮುಗಿಯುವುದರಿಂದ ಬೇಗ ಹೋಗುವುದು ಒಳ್ಳೆಯದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂಬುದು ಇಷ್ಟು ಹೊತ್ತಿಗೆ ನಿಮಗೂ ಗೊತ್ತಾಗಿರುತ್ತದೆ. ಗೊಂಚಲಿನಲ್ಲೇ ಮಾರುವ ಶ್ಟ್ರೌಖ್‌ಟೊಮಾಟನ್ ಈ ಸಲಾಡಿಗೆ ಸಾಕು. ದಪ್ಪ ತಿರುಳಿನ ಫ್ಲೈಶ್‌ಟೊಮಾಟನ್ ಸಿಕ್ಕರೆ ಇನ್ನೂ ಉತ್ತಮ, ಏಕೆಂದರೆ ಅದು ಕಡಿಮೆ ನೀರು ಬಿಡುತ್ತದೆ. ಬಾಲ್ಕನಿಯಲ್ಲಿ ಬೆಳೆಯುವ ಆಸೆಯಿದ್ದರೆ ಮೇ 15 ಕಳೆದ ಮೇಲೆ ಸಸಿ ಹೊರಗಿಡಿ. ಅಲ್ಲಿಯವರೆಗೆ ರಾತ್ರಿ ಮಂಜುಗಡ್ಡೆ ಕಟ್ಟುವ ಭಯವಿರುತ್ತದೆ ಎಂದು ಇಲ್ಲಿಯ ತೋಟಗಾರರು ಆ ದಿನಕ್ಕೆ ಕಾಯುತ್ತಾರೆ.

ವಿನೆಗರ್ ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಅದೇ ಸಾಲಿನಲ್ಲಿ ಎಸ್ಸಿಗ್ ಎಸೆನ್ಸ್ ಎಂಬ ಚಿಕ್ಕ ಬಾಟಲಿಯೂ ಇರುತ್ತದೆ. ಊಟಕ್ಕೆ ಬಳಸುವ ವಿನೆಗರ್‌ನಲ್ಲಿ ಆಮ್ಲದ ಅಂಶ ಶೇಕಡಾ 5 ಅಥವಾ 6 ಇದ್ದರೆ, ಈ ಎಸೆನ್ಸ್‌ನಲ್ಲಿ ಶೇಕಡಾ 25 ಇರುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸದೆ ಅದನ್ನು ತಟ್ಟೆಗೆ ತರಬಾರದು. ಇಲ್ಲಿಯವರು ಹೆಚ್ಚಾಗಿ ಕೆಟಲ್‌ನಲ್ಲಿ ಕಟ್ಟಿದ ಸುಣ್ಣವನ್ನು ತೆಗೆಯಲು ಅದನ್ನು ಬಳಸುತ್ತಾರೆ. ನೀವು ಬಿಳಿ ವೈನ್ ವಿನೆಗರ್ ಅಥವಾ ಸೊಪ್ಪಿನ ಪರಿಮಳವಿರುವ ಕ್ರಾಯ್ಟರ್‌ಎಸ್ಸಿಗ್ ತೆಗೆದುಕೊಳ್ಳಿ. ವೈನಿನ ಹೆಸರೇ ಬೇಡವೆನ್ನಿಸಿದರೆ ಸೇಬಿನ ವಿನೆಗರ್ ಆದೀತು, ಸಲಾಡ್ ತುಸು ಸಿಹಿಯ ಕಡೆಗೆ ವಾಲುತ್ತದೆ ಅಷ್ಟೆ. ಎಣ್ಣೆ ಸೂರ್ಯಕಾಂತಿಯದ್ದೇ ಇರಲಿ. ಆಲಿವ್ ಎಣ್ಣೆ, ತುಳಸಿಯನ್ನು ಹೋಲುವ ಬೇಸಿಲ್ ಎಲೆ, ಮೊಜ್ಜರೆಲ್ಲಾ ಸೇರಿದರೆ ಅದು ಇಟಲಿಯ ಪಾಕವಾಗುತ್ತದೆ. ರುಚಿಯಾಗಿಯೇ ಇರುತ್ತದೆ, ಆದರೆ ನೀವು ಕ್ಯಾಂಟೀನಿನಲ್ಲಿ ತಿಂದದ್ದು ಅದಲ್ಲ.

ಇಬ್ಬರಿಗೆ ಅರ್ಧ ಕಿಲೋ ಹಣ್ಣು ಸಾಕಾಗುತ್ತದೆ. ಒಂದು ಚಿಕ್ಕ ಈರುಳ್ಳಿಯನ್ನು ಆದಷ್ಟು ಸಣ್ಣಗೆ ಹೆಚ್ಚಿ, ತಣ್ಣಗಾದ ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿಗೆ ಹಾಕಿ, ಅದರ ಮೇಲೆ ಎರಡು ದೊಡ್ಡ ಚಮಚ ವಿನೆಗರ್, ಅರ್ಧ ಚಿಕ್ಕ ಚಮಚ ಉಪ್ಪು, ಒಂದೆರಡು ಚಿಟಿಕೆ ಸಕ್ಕರೆ ಸೇರಿಸಿ ಹತ್ತು ನಿಮಿಷ ಬಿಡಿ. ಇಲ್ಲಿಯ ಹಳದಿ ಸಿಪ್ಪೆಯ ಈರುಳ್ಳಿಗೆ ಘಾಟು ಹೆಚ್ಚು. ವಿನೆಗರ್‌ನಲ್ಲಿ ನೆನೆದರೆ ಅದು ಇಳಿಯುತ್ತದೆ. ಈ ಹತ್ತು ನಿಮಿಷವನ್ನು ಉಳಿಸಲು ಹೋದವರ ಸಲಾಡಿನಲ್ಲಿ ಈರುಳ್ಳಿಯ ರುಚಿಯೊಂದೇ ಮುಂದೆ ಬರುತ್ತದೆ. ಆಮೇಲೆ ಮೂರು ದೊಡ್ಡ ಚಮಚ ಎಣ್ಣೆ, ಆಗಷ್ಟೇ ಪುಡಿಮಾಡಿದ ಕಾಳುಮೆಣಸು, ಬೇಕೆನಿಸಿದರೆ ಅರ್ಧ ಚಿಕ್ಕ ಚಮಚ ಮಧ್ಯಮ ಖಾರದ ಸಾಸಿವೆ ಪೇಸ್ಟ್ ಹಾಕಿ ಚೆನ್ನಾಗಿ ಕದಡಿ. ಪೇಸ್ಟ್ ಇದ್ದರೆ ಎಣ್ಣೆಯೂ ವಿನೆಗರೂ ಬೇಗ ಬೇರ್ಪಡುವುದಿಲ್ಲ. ಟೊಮೆಟೊಗಳ ತೊಟ್ಟಿನ ಬುಡದ ಹಸಿರು ಗಟ್ಟಿ ಭಾಗವನ್ನು ಕೊರೆದು ತೆಗೆದು, ಹಲ್ಲಿರುವ ಚಾಕುವಿನಿಂದ ತೆಳುವಾದ ಬಿಲ್ಲೆಗಳಾಗಿಯೋ ಎಂಟು ಹೋಳುಗಳಾಗಿಯೋ ಹೆಚ್ಚಿ, ಹಲಗೆಯ ಮೇಲೆ ಇಳಿದ ರಸದ ಸಮೇತ ಬಟ್ಟಲಿಗೆ ಸೇರಿಸಿ ಮೆಲ್ಲಗೆ ತಿರುವಿ. ಫ್ರಿಜ್‌ನಿಂದ ತೆಗೆದ ಮೇಲೆ, ಬಡಿಸುವ ಮುನ್ನ, ಶ್ನಿಟ್‌ಲೌಖ್ ಸೊಪ್ಪನ್ನು ಧಾರಾಳವಾಗಿ ಉದುರಿಸಬೇಕು. ಹುಲ್ಲಿನ ಎಸಳಿನಷ್ಟು ಸಣ್ಣಗಿರುವ, ಈರುಳ್ಳಿಯ ಜಾತಿಯದೇ ಆದ ಈ ಸೊಪ್ಪು ಕಟ್ಟಾಗಿಯೂ ಕುಂಡದಲ್ಲಿ ನೆಟ್ಟದ್ದಾಗಿಯೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಜಜ್ಜಿಹೋಗುವುದಿಲ್ಲ.

ಒಗ್ಗರಣೆ ಹಾಕಬಹುದೇ, ಹಸಿಮೆಣಸಿನಕಾಯಿ ಸೇರಿಸಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಆದರೆ ಆಗ ಅದು ನಮ್ಮ ಕೋಸಂಬರಿಯ ಬಳಗಕ್ಕೆ ಸೇರುತ್ತದೆ, ಮತ್ತು ಕೋಸಂಬರಿಗೆ ನಿಂಬೆಹಣ್ಣು ಒಪ್ಪುವಂತೆ ವಿನೆಗರ್ ಒಪ್ಪುವುದಿಲ್ಲ. ಇಂಗು ಹಾಕಿದರಂತೂ ಶ್ನಿಟ್‌ಲೌಖ್‌ನ ನವಿರಾದ ವಾಸನೆ ಇದ್ದೂ ಇಲ್ಲದಂತಾಗುತ್ತದೆ. ಮೊದಲು ಕೆಲವು ಸಲ ಇದ್ದ ಹಾಗೆಯೇ ಮಾಡಿ ತಿಂದು ನೋಡಿ.

ಗ್ರಿಲ್ ಊಟಕ್ಕೆ ಬರುವವರು ಒಂದು ಸಲಾಡ್ ತರುವುದು ಇಲ್ಲಿಯ ರೂಢಿ, ಆದ್ದರಿಂದ ನೀವು ಬಟ್ಟಲು ಹಿಡಿದು ಹೋದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ನೀವೇ ತಂದ ಟೊಮೆಟೊ ಸಲಾಡಿನಿಂದ ನಿಮಗೂ ಊಟದ ಖಾತರಿ, ಏಕೆಂದರೆ ಆ ಮೇಜಿನ ಮೇಲೆ ಮಾಂಸವಿಲ್ಲವೆಂದು ಕಾಣುವ ಎಲ್ಲವೂ ಸಸ್ಯಾಹಾರವಲ್ಲ. ಈ ಸ್ವಾಬಿಯಾ ಪ್ರಾಂತದ ಆಲೂಗಡ್ಡೆ ಸಲಾಡಿಗೆ ಮೇಯನೇಸ್ ಬದಲು ಬಿಸಿ ಸಾರು ಹಾಕುತ್ತಾರೆ, ಅದು ಸಾಮಾನ್ಯವಾಗಿ ಮಾಂಸ ಬೇಯಿಸಿದ ಸಾರು. ಪಾಸ್ತಾ ಸಲಾಡಿನಲ್ಲಿ ಸಾಸೇಜಿನ ಚೂರುಗಳು ಅಡಗಿರುವುದುಂಟು. ಸಂಕೋಚಪಡದೆ ಕೇಳಿ, ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕೊಂಡೊಯ್ಯುವಾಗ ಈರುಳ್ಳಿ, ವಿನೆಗರ್, ಎಣ್ಣೆಯ ಮಿಶ್ರಣವನ್ನು ಮುಚ್ಚಳವಿರುವ ಗಾಜಿನ ಶೀಷೆಯಲ್ಲಿ ತಣ್ಣಗೆ ಇಟ್ಟುಕೊಂಡು, ಟೊಮೆಟೊಗಳನ್ನು ಇಡಿಯಾಗಿ ಒಯ್ದು ಅಲ್ಲೇ ಹೆಚ್ಚಿ ಕಲಸಿ. ನೆರೆಮನೆಯೇ ಆದ್ದರಿಂದ ನಿಮಗೆ ಇದು ಕಷ್ಟವಲ್ಲ.

ಮನೆಯ ಸಂಜೆಯೂಟಕ್ಕೆ ನಾನು ಮೆಚ್ಚಿರುವ ಜೋಡಿಯನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಆಲೂಗಡ್ಡೆಗಳನ್ನು ಸಿಪ್ಪೆ ಸಮೇತ ಬೇಯಿಸಿಟ್ಟು, ಸಂಜೆ ಕ್ವಾರ್ಕ್‌ಗೆ ಉಪ್ಪು ಮತ್ತು ಅದೇ ಶ್ನಿಟ್‌ಲೌಖ್ ಬೆರೆಸಿ, ಪಕ್ಕದಲ್ಲಿ ಈ ಸಲಾಡ್ ಇಟ್ಟರೆ ಒಲೆಯ ಹಂಗಿಲ್ಲದೆ ಹೊಟ್ಟೆ ತುಂಬುತ್ತದೆ. ಕ್ವಾರ್ಕ್ ಎಂದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನಂಥದ್ದು, ನಿಮಗೆ ಹೊಸದೆನಿಸುವುದಿಲ್ಲ. ಬಟ್ಟಲಿನ ತಳದಲ್ಲಿ ನಿಲ್ಲುವ ರಸವನ್ನು ಚೆಲ್ಲಬೇಡಿ, ಅದನ್ನು ಬ್ರೆಡ್ಡಿನಲ್ಲಿ ಅದ್ದಿ ತಿನ್ನುವುದಕ್ಕೇ ಇಲ್ಲಿ ಕೆಲವರು ಈ ಸಲಾಡ್ ಮಾಡುತ್ತಾರೆಂದು ತೋರುತ್ತದೆ. ನಮ್ಮ ತಿಂಡಿಗಳಲ್ಲಿ ಅಕ್ಕಿರೊಟ್ಟಿಗೆ ಇದು ಹೊಂದುತ್ತದೆ, ಚಪಾತಿಗೂ ಪರವಾಗಿಲ್ಲ. ಮೊಸರನ್ನಕ್ಕೆ ಮಾತ್ರ ಜೊತೆಮಾಡಬೇಡಿ, ಎರಡು ಬಗೆಯ ಹುಳಿ ಒಂದಕ್ಕೊಂದು ಆಗಿಬರುವುದಿಲ್ಲ.

ಮರುದಿನಕ್ಕೆ ಇದು ಸಲಾಡಾಗಿ ಉಳಿಯದು. ಮಿಕ್ಕಿದ್ದನ್ನು ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಗೆ ಸುರಿದು, ಸಾರಿನ ಪುಡಿ ಮತ್ತು ಚೂರು ಬೆಲ್ಲ ಹಾಕಿ ಕುದಿಸಿದರೆ ಅನ್ನಕ್ಕೆ ಗೊಜ್ಜಾಗುತ್ತದೆ. ವಿನೆಗರ್ ಈಗಾಗಲೇ ಇರುವುದರಿಂದ ಹುಣಸೆಹಣ್ಣು ಬೇಕಾಗುವುದಿಲ್ಲ. ಉಪ್ಪನ್ನೂ ರುಚಿ ನೋಡಿಯೇ ಹಾಕಿ.