ವಾದ್ಯಗಳನ್ನು ಜೋಡಿಸುವಾಗ ನಾನು ಮೊದಲು ಕೇಳಿಸಿಕೊಳ್ಳುವುದು

ಫ್ಲೂಟ್, ಕ್ಲಾರಿನೆಟ್, ಸೆಲ್ಲೊ, ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಹೊಡೆದು ನುಡಿಸುವ ವಾದ್ಯ), ಹಾರ್ಪ್, ಟ್ರಾಂಬೋನ್ ಈ ಆರೂ ನಿಮಗೆ ಪ್ರಿಯವೆಂದೂ, ಹತ್ತು ನಿಮಿಷದ ನಿಮ್ಮ ಮೊದಲ ಸಮಕಾಲೀನ ಕೃತಿಗೆ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದೂ, ಕಂಪ್ಯೂಟರ್‌ನಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಂತೆಯೇ ಕೇಳಿಸುವುದರಿಂದ ತೀರ್ಮಾನಕ್ಕೆ ಬರಲಾಗುತ್ತಿಲ್ಲವೆಂದೂ ಕೇಳಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ನಾಲ್ಕನ್ನು ಇಟ್ಟುಕೊಳ್ಳಿ, ಹಾರ್ಪ್ ಮತ್ತು ಟ್ರಾಂಬೋನ್‌ಗಳನ್ನು ಈ ಸಲ ಬಿಡಿ.

ವಾದ್ಯವೆಂದೊಡನೆ ನಮಗೆ ಅದರ ನಾದಗುಣ ನೆನಪಾಗುತ್ತದೆ; ಫ್ಲೂಟ್ ಮೃದು, ಸೆಲ್ಲೊ ಗಂಭೀರ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಎರಡು ವಾದ್ಯಗಳು ಬೆರೆಯುತ್ತವೆಯೋ ಇಲ್ಲವೋ ಎಂಬುದು, ನನ್ನ ಅನುಭವದಲ್ಲಿ, ಅವುಗಳ ನಾದ ಹೇಗೆ ಹುಟ್ಟುತ್ತದೆ ಮತ್ತು ಹೇಗೆ ಅಡಗುತ್ತದೆ ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ. 1948ರಲ್ಲಿ ಫ್ರೆಂಚ್ ರಚನಕಾರ ಪಿಯರ್ ಶೆಫರ್ ಅವರು ಗಂಟೆಯ ಸದ್ದನ್ನು ಧ್ವನಿಮುದ್ರಿಸಿ, ಹೊಡೆತ ಬೀಳುವ ಕ್ಷಣವನ್ನು ಮಾತ್ರ ತೆಗೆದುಹಾಕಿದಾಗ, ಉಳಿದ ನಾದ ಗಂಟೆಯಂತಿರದೆ ಊದಿ ನುಡಿಸುವ ಓಬೊ ವಾದ್ಯವನ್ನು ಹೋಲತೊಡಗಿತು. ನಮ್ಮ ಕಿವಿ ವಾದ್ಯವನ್ನು ಗುರುತಿಸುವುದು ಬಹುಮಟ್ಟಿಗೆ ಆ ಆರಂಭದ ಕ್ಷಣದಿಂದಲೇ ಎಂದಮೇಲೆ, ರಚನಕಾರನು ಗಮನ ಕೊಡಬೇಕಾದದ್ದೂ ಅಲ್ಲಿಗೇ.

ವೈಬ್ರಾಫೋನನ್ನು ಬಿಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣ ಇದು. ಗಟ್ಟಿ ಮ್ಯಾಲೆಟ್‌ನಿಂದ, ಅಂದರೆ ತುದಿಯಲ್ಲಿ ಗುಂಡಿರುವ ಕೋಲಿನಿಂದ, ಹೊಡೆದರೆ ಅದು ಸೆಲ್ಲೊದ ಮೀಟಿದ ತಂತಿಯೊಡನೆ ಒಂದಾಗುತ್ತದೆ. ಅದೇ ಲೋಹದ ಪಟ್ಟಿಯ ಅಂಚಿಗೆ ಕಮಾನು ಎಳೆದರೆ ಆರಂಭವೇ ತಿಳಿಯದಂತೆ ನಾದ ಮೂಡುತ್ತದೆ, ಆಗ ಸ್ವರವನ್ನು ನಡುಗಿಸದೆ ನುಡಿಸಿದ ಫ್ಲೂಟ್ ಅದಕ್ಕೆ ಹತ್ತಿರದ ನೆಂಟ. ಇನ್ನು ಮೆತ್ತನೆಯ ಮ್ಯಾಲೆಟ್‌ನಿಂದ ಒಂದು ಸ್ವರವನ್ನು ಮೂಡಿಸಿ, ಅದರ ಅನುರಣನ ಕುಗ್ಗುತ್ತಿರುವಾಗ ಅದೇ ಸ್ವರದಲ್ಲಿ ಕ್ಲಾರಿನೆಟ್ ನಿಶ್ಶಬ್ದದಿಂದ ಮೆಲ್ಲನೆ ಎದ್ದು ಬರುವಂತೆ ಬರೆದು ನೋಡಿ. ಅಡಗಬೇಕಾಗಿದ್ದ ನಾದ ಅಡಗಲು ಒಪ್ಪದೆ ಬೇರೆ ಜೀವ ತಳೆದಂತೆ ಕೇಳಿಸುತ್ತದೆ. ಇದನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸಿಲ್ಲ.

ಈ ನೆಂಟಸ್ತಿಕೆಯ ವಿಚಾರಕ್ಕೆ ಫ್ರೆಂಚ್ ರಚನಕಾರ ಪಿಯರ್ ಬುಲೇಜ್ ಅವರ ‘ಲೆ ಮಾರ್ತೋ ಸಾಂ ಮೇತ್ರ್’ ಅತ್ಯುತ್ತಮ ಪಾಠ. 1955ರಲ್ಲಿ ಮೊದಲು ಪ್ರಯೋಗಗೊಂಡ ಈ ಕೃತಿಯಲ್ಲಿ ಹೆಣ್ಣು ಕಂಠ, ಆಲ್ಟೊ ಫ್ಲೂಟ್ (ತಗ್ಗಿನ ಸ್ಥಾಯಿಯ ಫ್ಲೂಟ್), ವಯೊಲಾ (ಪಿಟೀಲಿಗಿಂತ ತುಸು ದೊಡ್ಡದು), ಗಿಟಾರ್, ವೈಬ್ರಾಫೋನ್, ಮರದ ಪಟ್ಟಿಗಳ ಝೈಲೊರಿಂಬಾ ಮತ್ತು ಇತರ ತಾಳವಾದ್ಯಗಳಿವೆ. ಪಟ್ಟಿಯಾಗಿ ಓದಿದರೆ ತಲೆಬುಡ ತಿಳಿಯುವುದಿಲ್ಲ. ಆದರೆ ಕಂಠವನ್ನೂ ಫ್ಲೂಟನ್ನೂ ಉಸಿರು ಕೂಡಿಸುತ್ತದೆ. ಫ್ಲೂಟ್ ಮತ್ತು ವಯೊಲಾ ಎರಡೂ ಒಂಟಿ ಎಳೆಯಾಗಿ ಹಾಡಬಲ್ಲವು. ವಯೊಲಾದ ತಂತಿಯನ್ನು ಮೀಟಿದರೆ ಅದು ಗಿಟಾರಿಗೆ ಸಮೀಪ. ಗಿಟಾರ್ ಮತ್ತು ವೈಬ್ರಾಫೋನ್‌ಗಳ ನಾದ ಬಿಟ್ಟ ಮೇಲೂ ಅನುರಣಿಸುತ್ತದೆ. ವೈಬ್ರಾಫೋನ್ ಮತ್ತು ಝೈಲೊರಿಂಬಾ ಎರಡೂ ಹೊಡೆದು ನುಡಿಸುವಂಥವು. ಸರಪಳಿಯ ಎರಡು ತುದಿಗಳಿಗೆ ಯಾವ ಸಂಬಂಧವೂ ಇಲ್ಲ, ಆದರೂ ಎಲ್ಲಿಯೂ ಕೊಂಡಿ ಕಳಚುವುದಿಲ್ಲ.

ಕಂಪ್ಯೂಟರ್ ಹೇಳದಿರುವ ಒಂದು ಸಂಗತಿಯನ್ನು ನಾನು ತಾಲೀಮಿನಲ್ಲಿ ಕಲಿತೆ. ಫ್ಲೂಟ್ ಮತ್ತು ಕ್ಲಾರಿನೆಟ್ ಎರಡೂ ಒಂದೇ ಸ್ವರವನ್ನು ಹಿಡಿದು, ಹನ್ನೆರಡು ಸೆಕೆಂಡುಗಳಲ್ಲಿ ಅತಿ ಮೆಲ್ಲನೆಯಿಂದ ಅತಿ ಜೋರಿಗೆ ಏರುವಂತೆ ಬರೆದಿದ್ದೆ. ಪರದೆಯ ಮೇಲೆ ಅದು ನಿಷ್ಕಳಂಕವಾಗಿತ್ತು. ತಾಲೀಮಿನಲ್ಲಿ ಅರ್ಧ ದಾರಿ ಕಳೆಯುವಷ್ಟರಲ್ಲಿ ನಾದ ಅಲೆಅಲೆಯಾಗಿ ನಡುಗತೊಡಗಿತು, ವಾದಕರು ಶ್ರುತಿ ತಪ್ಪಿದರೆಂದೇ ನಾನು ಭಾವಿಸಿದೆ. ಕ್ಲಾರಿನೆಟ್ ವಾದಕರು ಏನನ್ನೂ ವಾದಿಸದೆ, ಶ್ರುತಿ ತೋರಿಸುವ ಯಂತ್ರವನ್ನು ಸ್ಟ್ಯಾಂಡಿನ ಮೇಲಿಟ್ಟು ಆ ಸ್ವರವನ್ನು ಒಬ್ಬರೇ ನುಡಿಸಿದರು. ಧ್ವನಿ ಏರಿದಂತೆಲ್ಲ ಮುಳ್ಳು ಎಡಕ್ಕೆ ಜಾರಿತು. ಫ್ಲೂಟ್ ನುಡಿಸಿದಾಗ ಅದು ಬಲಕ್ಕೆ ಹೋಯಿತು. ಜೋರಾಗಿ ಊದಿದಾಗ ಫ್ಲೂಟಿನ ಶ್ರುತಿ ಏರುತ್ತದೆ, ಕ್ಲಾರಿನೆಟ್ಟಿನದು ಇಳಿಯುತ್ತದೆ. ನುರಿತವರು ತುಟಿಯಿಂದಲೂ ಉಸಿರಿನಿಂದಲೂ ಇದನ್ನು ಸರಿದೂಗಿಸಬಲ್ಲರು, ಆದರೆ ಅವರ ಗಮನವೆಲ್ಲ ಅದಕ್ಕೇ ಖರ್ಚಾಗುತ್ತದೆ. ಆ ಜಾಗದಲ್ಲಿ ಕ್ಲಾರಿನೆಟ್ಟನ್ನು ಮೆಲುದನಿಯಲ್ಲೇ ನಿಲ್ಲಿಸಿ ಫ್ಲೂಟ್ ಮಾತ್ರ ಏರುವಂತೆ ತಿದ್ದಿದೆ. ಆ ನಡುಕವನ್ನೂ ಬಿಡಲು ಮನಸ್ಸಾಗಲಿಲ್ಲ: 440 ಹರ್ಟ್ಸ್ ಮತ್ತು 444 ಹರ್ಟ್ಸ್ ಒಟ್ಟಿಗೆ ನುಡಿದರೆ ಸೆಕೆಂಡಿಗೆ ನಾಲ್ಕು ಅಲೆಗಳು ಕೇಳಿಸುತ್ತವೆ, ಕೃತಿಯ ಕೊನೆಯ ಪುಟವನ್ನು ಆ ಅಲೆಗಳ ಮೇಲೆಯೇ ಕಟ್ಟಿದೆ.

ಟ್ರಾಂಬೋನ್ ಬೇಡವೆಂದದ್ದು ಅದರ ಮೇಲಿನ ಅನಾದರದಿಂದಲ್ಲ. ಫ್ಲೂಟಿನ ಕೆಳ ಸ್ಥಾಯಿ ಸಹಜವಾಗಿಯೇ ದುರ್ಬಲ, ಟ್ರಾಂಬೋನಿನ ಮುಂದೆ ಅದು ಮುಳುಗಿಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಅದನ್ನು ಬೇಕಾದಷ್ಟು ಎತ್ತರಿಸಬಹುದು, ಸಭಾಂಗಣದಲ್ಲಿ ಆಗದು. ಹತ್ತು ನಿಮಿಷವೂ ತಗ್ಗಿಸಿ ನುಡಿಸಿ ಎಂದು ಹೇಳುವುದಕ್ಕಾಗಿಯೇ ಒಬ್ಬ ಟ್ರಾಂಬೋನ್ ವಾದಕರನ್ನು ಕರೆಯುವುದು ನ್ಯಾಯವಲ್ಲ. ಹಾರ್ಪಿನ ಕಷ್ಟ ಬೇರೆ. ಅದಕ್ಕೆ ಏಳು ಪೆಡಲ್‌ಗಳಿವೆ, ಒಂದೊಂದೂ ಒಂದು ಸ್ವರದ ತಂತಿಗಳನ್ನು ಎಲ್ಲ ಸ್ಥಾಯಿಗಳಲ್ಲಿಯೂ ಒಟ್ಟಿಗೆ ಬದಲಿಸುತ್ತದೆ. ಅರ್ಧಸ್ವರಗಳು ಬೇಗಬೇಗನೆ ಬದಲಾಗುವ ಬರವಣಿಗೆಗೆ ಕಾಲುಗಳು ಸಾಲುವುದಿಲ್ಲ. ಅನುರಣನದ ಕೆಲಸವನ್ನು ವೈಬ್ರಾಫೋನ್ ಈಗಾಗಲೇ ಮಾಡುತ್ತಿದೆ.

ನಾಲ್ಕೇ ವಾದ್ಯಗಳು ಬಡವಾದಾವೆಂಬ ಅಂಜಿಕೆ ಬೇಡ. ರಚನಕಾರ ಶೋನ್‌ಬರ್ಗ್ 1912ರ ‘ಪಿಯರೋ ಲ್ಯೂನೇರ್’ ಕೃತಿಯಲ್ಲಿ ಐವರು ವಾದಕರ ಕೈಗೆ ಎಂಟು ವಾದ್ಯಗಳನ್ನು ಕೊಟ್ಟರು: ಫ್ಲೂಟ್ ವಾದಕರು ಪುಟ್ಟ ಫ್ಲೂಟಾದ ಪಿಕಲೋವನ್ನೂ, ಕ್ಲಾರಿನೆಟ್ ವಾದಕರು ಬಾಸ್ ಕ್ಲಾರಿನೆಟ್ಟನ್ನೂ, ಪಿಟೀಲು ವಾದಕರು ವಯೊಲಾವನ್ನೂ ಎತ್ತಿಕೊಳ್ಳುತ್ತಾರೆ. ಇಪ್ಪತ್ತೊಂದು ಭಾಗಗಳುದ್ದಕ್ಕೂ ಜೋಡಣೆ ಬದಲಾಗುತ್ತ ಹೋಗುತ್ತದೆ, ಏಳನೆಯದರಲ್ಲಿ ಕಂಠದ ಜೊತೆಗೆ ಫ್ಲೂಟ್ ಒಂದೇ ಇದೆ. ಯಾರು ಸುಮ್ಮನಿರಬೇಕೆಂಬುದೂ ವಾದ್ಯಗಳ ಆಯ್ಕೆಯೇ. ನಿಮ್ಮ ವಾದಕರಲ್ಲಿ ಆಲ್ಟೊ ಫ್ಲೂಟ್ ಅಥವಾ ಬಾಸ್ ಕ್ಲಾರಿನೆಟ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕೃತಿಗೆ ಕೈಹಾಕುವ ಮುನ್ನ, ನಾಲ್ಕೂ ವಾದ್ಯಗಳಿಗೆ ನಿಲುಕುವ ಒಂದೇ ಸ್ವರವನ್ನು ಆರಿಸಿಕೊಂಡು ನಲವತ್ತು ಸೆಕೆಂಡುಗಳಷ್ಟು ಮಾತ್ರ ಬರೆಯಿರಿ. ರಾಗವಿಲ್ಲ, ಲಯವಿಲ್ಲ, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುವುದಷ್ಟೇ. ವಾದಕರು ಅದನ್ನು ನುಡಿಸುವಾಗ ಕಣ್ಣು ಮುಚ್ಚಿ ಕುಳಿತು, ನಾದ ಯಾರಿಂದ ಬರುತ್ತಿದೆಯೆಂದು ತಿಳಿಯದೇ ಹೋದ ಜಾಗಗಳನ್ನು ಆಮೇಲೆ ಸ್ವರಲಿಪಿಯ ಮೇಲೆ ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಿ. ನಾನಾದರೆ ಕೃತಿಯನ್ನು ಆ ಗುರುತುಗಳಿಂದಲೇ ಬರೆಯತೊಡಗುತ್ತೇನೆ.