ಡಲ್ಲಾಸ್‌ನ ಕೆನಡಿ ಮ್ಯೂಸಿಯಂ: ಬಂದೂಕು, ಕಾರು ಅಲ್ಲಿವೆಯಾ?

ಮಗಳ ಮನೆಗೆ ಡಲ್ಲಾಸ್‌ಗೆ ಹೋಗ್ತಿದ್ದೇನೆ, ಅಮೆರಿಕ ಅಧ್ಯಕ್ಷ ಕೆನಡಿಯನ್ನು ಕೊಂದ ಬಂದೂಕು, ಆಗ ಅವರು ಕೂತಿದ್ದ ಕಾರು ಅಲ್ಲಿನ ಕೆನಡಿ ಮ್ಯೂಸಿಯಂನಲ್ಲಿ ನೋಡಬಹುದಾ ಅಂತ ಕೇಳಿದ್ದೀರಿ. ಎರಡೂ ಅಲ್ಲಿಲ್ಲ ಸರ್. ಬಂದೂಕು ಅಮೆರಿಕ ಸರ್ಕಾರದ ದಾಖಲೆ ಸಂಗ್ರಹದಲ್ಲಿದೆ, ಕಾರು ಮಿಷಿಗನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಆದರೂ ಹೋಗಿ. ಮ್ಯೂಸಿಯಂ ಇರುವ ಕಟ್ಟಡ ಆಗ ಶಾಲಾ ಪುಸ್ತಕಗಳ ಗೋದಾಮು. ಕೊಲೆ ಆರೋಪಿ ಓಸ್ವಾಲ್ಡ್ ಅಲ್ಲೇ ಕೆಲಸಕ್ಕಿದ್ದ. 1963ರ ನವೆಂಬರ್ 22ರ ಮಧ್ಯಾಹ್ನ 12:30ಕ್ಕೆ ಗುಂಡು ಹಾರಿದ್ದು ಆರನೇ ಮಹಡಿಯ ಮೂಲೆ ಕಿಟಕಿಯಿಂದ ಅಂತ ತನಿಖೆ ಹೇಳಿತು. 1989ರಿಂದ ಆ ಮಹಡಿಯೇ ಮ್ಯೂಸಿಯಂ.

ಆ ಮೂಲೆಗೆ ಗಾಜು ಹಾಕಿದ್ದಾರೆ. ಒಳಗೆ ರಟ್ಟಿನ ಡಬ್ಬಗಳನ್ನು ಆವತ್ತಿನ ಫೋಟೋ ನೋಡಿಕೊಂಡು ಹಾಗೇ ಪೇರಿಸಿಟ್ಟಿದ್ದಾರೆ, ಅಷ್ಟೇ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಕಿಟಕಿ. ಕೆಳಗೆ ಕೆನಡಿಯ ಕಾರು ಹೋಗ್ತಿದ್ದ ಎಲ್ಮ್ ಸ್ಟ್ರೀಟ್ ಕಾಣುತ್ತೆ, ಟಿವಿಯಲ್ಲಿ ನೋಡಿದಾಗ ದೊಡ್ಡ ಜಾಗ ಅನ್ಕೊಂಡಿದ್ದೆ, ನೋಡಿದರೆ ಎಲ್ಲಾ ಇಷ್ಟು ಹತ್ತಿರ ಹತ್ತಿರ, ಗಾಡಿಗಳು ಸುಮ್ನೆ ತಮ್ಮ ಪಾಡಿಗೆ ಹೋಗ್ತಿವೆ.

ಗುಂಡು ಬಿದ್ದಿದ್ದನ್ನು ಅಲ್ಲೇ ನಿಂತು ನೋಡ್ತಿದ್ದ ಝಪ್ರುಡರ್ ಅನ್ನೋರು ತೆಗೆದ 26 ಸೆಕೆಂಡಿನ ಫಿಲ್ಮ್ ಬಗ್ಗೆ ಕೇಳಿರ್ತೀರಿ ಅಲ್ವಾ, ಅದರ ಹಕ್ಕು ಈಗ ಈ ಮ್ಯೂಸಿಯಂನದೇ. ಪಿತೂರಿ ಕಥೆಗಳ ಬಗ್ಗೆಯೂ ಒಂದು ಭಾಗ ಇದೆ. ನನಗೆ ಅದು ಜಾಸ್ತಿ ರುಚಿಸಲಿಲ್ಲ.

ಮುಗಿಸಿ ಹೊರಗೆ ಬಂದು ಹುಲ್ಲಿನ ದಿಬ್ಬದ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಫೋಟೋಗೆ ಅಂತ ರಸ್ತೆ ಮಧ್ಯಕ್ಕೆ ಓಡುವವರನ್ನು ನೋಡಿದ್ದೇನೆ, ನೀವು ಮಾತ್ರ ಹಾಗೆ ಮಾಡಬೇಡಿ.